ಕಳಂಕಿತರಿಗೆ ಟಿಕೆಟ್ ಕೊಟ್ಟಿದ್ದಕ್ಕೆ ಪಕ್ಷಗಳು ಬರೆಯುವ ‘ಕಾರಣ’ವನ್ನು ಯಾರಾದರೂ ಓದಿದ್ದೀರಾ?

ಸಾಗರದ ಓದುಗ (ಚರ್ಚೆ ಆರಂಭಿಸಿದವರು)

ಕ್ರಿಮಿನಲ್ ಪ್ರಕರಣ ಎದುರಿಸುತ್ತಿರುವವರಿಗೆ ಟಿಕೆಟ್ ಕೊಟ್ಟರೆ, ಯಾಕೆ ಕೊಟ್ಟೆವೆಂದು ಪಕ್ಷವೇ ಪತ್ರಿಕೆಯಲ್ಲಿ ಪ್ರಕಟಿಸಬೇಕು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶವಿದು. ಅದಕ್ಕೆ ಫಾರಂ ಸಿ-7 ಎಂಬ ನಮೂನೆ ಇದೆ. ಅದರಲ್ಲಿ ಎರಡು ಪ್ರಶ್ನೆಗಳು ಮುಖ್ಯ. ಈ ವ್ಯಕ್ತಿಯನ್ನು ಆಯ್ಕೆ ಮಾಡಲು ಕಾರಣವೇನು? ಪ್ರಕರಣಗಳೇ ಇಲ್ಲದ ಬೇರೊಬ್ಬರನ್ನು ಯಾಕೆ ಆಯ್ಕೆ ಮಾಡಲಾಗಲಿಲ್ಲ? ‘ಗೆಲ್ಲುತ್ತಾರೆ’ ಎಂಬುದಷ್ಟೇ ಕಾರಣವಾಗಬಾರದು ಎಂದೂ ನ್ಯಾಯಾಲಯ ಹೇಳಿದೆ.

2023ರ ವಿಧಾನಸಭಾ ಚುನಾವಣೆಯ ಸಮಯದ ಹಳೆಯ ಪತ್ರಿಕೆಗಳನ್ನು ಮೊನ್ನೆ ತಿರುವಿ ಹಾಕುತ್ತಿದ್ದೆ. ಈ ಜಾಹೀರಾತುಗಳು ಹರಾಜು ನೋಟಿಸು, ಹೆಸರು ಬದಲಾವಣೆಯ ಪ್ರಕಟಣೆಗಳ ಪಕ್ಕದಲ್ಲಿ ಕುಳಿತಿವೆ. ಓದುತ್ತಾ ಹೋದರೆ ಎಲ್ಲ ಪಕ್ಷಗಳಿಗೂ ಒಬ್ಬನೇ ಗುಮಾಸ್ತ ಬರೆದುಕೊಟ್ಟಂತಿದೆ. ಜನಪ್ರಿಯರು, ಸಮಾಜಸೇವಕರು, ಪ್ರಕರಣಗಳೆಲ್ಲ ರಾಜಕೀಯ ಪ್ರೇರಿತ. ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಸೊಗಸು: ಇತರ ಆಕಾಂಕ್ಷಿಗಳಿಗಿಂತ ಇವರು ಹೆಚ್ಚು ಅರ್ಹರು. ಅಲ್ಲಿಗೆ ಮುಗಿಯಿತು.

ನನ್ನ ತಕರಾರು ಇಷ್ಟೇ. ಹಿಂದೆ ಆರೋಪ ಬಂದರೆ ಮುಚ್ಚಿಡುತ್ತಿದ್ದರು. ಮುಚ್ಚಿಡಲು ಕಾರಣವಾದ ನಾಚಿಕೆಯಾದರೂ ಇತ್ತು. ಈಗ ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಬರೆದುಬಿಟ್ಟರೆ ಪಾಪ ತೊಳೆದಂತೆ ಎನ್ನುವ ಹಾಗಾಗಿದೆ. ಮುಖ್ಯಮಂತ್ರಿ, ಸಚಿವ, ಸಂಸದ ಎಂಬ ಹುದ್ದೆಗೆ ಬರುವವರಿಂದ ನಾವು ನಿರೀಕ್ಷಿಸುವ ಕನಿಷ್ಠ ಮಟ್ಟವಾದರೂ ಈಗ ಯಾವುದು?

ಹಳೇ ಮೈಸೂರು

ಕನಿಷ್ಠ ಮಟ್ಟ: ನಾಮಪತ್ರ ಸಲ್ಲಿಸುವ ದಿನ ಜೈಲಿನ ಹೊರಗಿರಬೇಕು. ಅದೂ ಕಡ್ಡಾಯವೇನಲ್ಲ.

ವಕೀಲರ ಕಟ್ಟೆ

ಸಾಗರದವರು ಹೇಳಿದ್ದಕ್ಕೆ ಸ್ವಲ್ಪ ಹಿನ್ನೆಲೆ ಸೇರಿಸುತ್ತೇನೆ. ಅಭ್ಯರ್ಥಿ ತನ್ನ ಪ್ರಕರಣ, ಆಸ್ತಿ, ಸಾಲ, ವಿದ್ಯಾಭ್ಯಾಸಗಳನ್ನು ಘೋಷಿಸಲೇಬೇಕು ಎಂದಾದದ್ದು 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ. ಯಾವ ಪಕ್ಷವೂ ತಾನಾಗಿ ಕೊಟ್ಟ ವರವಲ್ಲ. ಮೊದಲ ತೀರ್ಪು ಬಂದ ಕೂಡಲೇ ಅದನ್ನು ದುರ್ಬಲಗೊಳಿಸಲು ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು, ನ್ಯಾಯಾಲಯ ಅದನ್ನೂ ರದ್ದು ಮಾಡಿತು. ಆ ತಿದ್ದುಪಡಿಯ ವಿಷಯದಲ್ಲಿ ಪಕ್ಷಗಳ ನಡುವೆ ಕಂಡ ಒಗ್ಗಟ್ಟು ಬರಗಾಲದಲ್ಲೂ ಕಾಣುವುದಿಲ್ಲ.

ಪ್ರಜಾಪ್ರಾತಿನಿಧ್ಯ ಕಾಯ್ದೆಯ 8ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಅನರ್ಹತೆ. ಶಿಕ್ಷೆಯ ಅವಧಿ ಮತ್ತು ಬಿಡುಗಡೆಯ ನಂತರ ಆರು ವರ್ಷ. ವಿಚಾರಣೆ ನಡೆಯುತ್ತಿದ್ದರೆ ಯಾವ ಅಡ್ಡಿಯೂ ಇಲ್ಲ. ವಿಚಾರಣೆ ಇಪ್ಪತ್ತು ವರ್ಷ ನಡೆದರೂ ಇಲ್ಲ. ಆರೋಪ ನಿಗದಿಯಾದವರನ್ನೇ ತಡೆಯಿರಿ ಎಂದು ಕೇಳಿದಾಗ 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದು ಸಂಸತ್ತಿನ ಕೆಲಸ ಎಂದಿತು. ಸಂಸತ್ತು ಇಂದಿಗೂ ಆ ಕೆಲಸ ಮಾಡಿಲ್ಲ.

ಸಿ-7 ಪ್ರಕಟಿಸದಿದ್ದರೆ ಏನಾಗುತ್ತದೆ ಎಂದು ಮುಂದೆ ಯಾರಾದರೂ ಕೇಳುತ್ತೀರಿ. 2020ರ ಬಿಹಾರ ಚುನಾವಣೆಯಲ್ಲಿ ಆದೇಶ ಪಾಲಿಸದ ಪಕ್ಷಗಳಿಗೆ 2021ರಲ್ಲಿ ದಂಡ ಬಿತ್ತು. ಹೆಚ್ಚಿನವಕ್ಕೆ ತಲಾ 1 ಲಕ್ಷ, ಎರಡಕ್ಕೆ ತಲಾ 5 ಲಕ್ಷ ರೂಪಾಯಿ.

ಹಳೇ ಮೈಸೂರು

1 ಲಕ್ಷವೇ! ಒಂದು ಸಮಾವೇಶದ ಹಾರ ತುರಾಯಿಗೂ ಸಾಲುವುದಿಲ್ಲ ವಕೀಲರೇ.

ನಿವೃತ್ತ ಮೇಷ್ಟ್ರು

ಸಾಗರದವರೇ, ನಿಮ್ಮ ಊರಿನವರು ಈ ವಿಷಯ ಎತ್ತಿದ್ದು ಸರಿಯಾಗಿಯೇ ಇದೆ. 1952ರಲ್ಲಿ ನಿಮ್ಮ ಸಾಗರದಿಂದ ಗೆದ್ದವರು ಶಾಂತವೇರಿ ಗೋಪಾಲಗೌಡರು. ಗೇಣಿದಾರರ ಹೋರಾಟವಾದ ಕಾಗೋಡು ಸತ್ಯಾಗ್ರಹದ ಬೆನ್ನಿಗೇ ಬಂದ ಚುನಾವಣೆ. ಎದುರಿಗೆ ಭೂಮಾಲೀಕರ ಬಲ, ಕೈಯಲ್ಲಿ ಕಾಸಿಲ್ಲ. ‘ಒಂದು ವೋಟು, ಒಂದು ನೋಟು’ ಎಂದು ಜನರಿಂದಲೇ ಹಣ ಎತ್ತಿ ಗೆದ್ದರು. ಅಭ್ಯರ್ಥಿ ಮತದಾರನಿಂದ ಹಣ ಪಡೆದ ಚುನಾವಣೆ ಅದು. ಈಗ ಹಣ ಹರಿಯುವ ದಿಕ್ಕೇ ತಿರುಗಿಬಿಟ್ಟಿದೆ.

1956ರಲ್ಲಿ ಅರಿಯಲೂರು ರೈಲು ಅಪಘಾತಕ್ಕೆ ರೈಲ್ವೆ ಸಚಿವರಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಗಳು ರಾಜೀನಾಮೆ ಕೊಟ್ಟರು. ಹಳಿಯನ್ನು ಅವರೇನು ಕಿತ್ತಿರಲಿಲ್ಲ. ಹೊಣೆ ಎಂಬುದಕ್ಕೆ ಆಗ ಇದ್ದ ಅರ್ಥ ಅದು.

ಜವಾರಿ ಮಾತು

ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಶಾಸ್ತ್ರಿಗಳ ರಾಜೀನಾಮೆಯನ್ನು ಎಷ್ಟು ದಿನ ಹೊತ್ತು ತಿರುಗುವುದು? ಪ್ರತಿ ಚರ್ಚೆಗೂ ಅದೇ ಒಂದು ಉದಾಹರಣೆ. ಅದೇ ದಶಕದಲ್ಲಿ ಎಲ್‌ಐಸಿ ಹಣವನ್ನು ಒಬ್ಬ ಉದ್ಯಮಿಯ ಕಂಪನಿಗಳಿಗೆ ಸುರಿದ ಮುಂದ್ರಾ ಹಗರಣವೂ ಆಗಿತ್ತು, ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ 1958ರಲ್ಲಿ ಹುದ್ದೆ ಬಿಟ್ಟರು, ಕೆಲವು ವರ್ಷಗಳಲ್ಲಿ ಮತ್ತೆ ಸಂಪುಟಕ್ಕೆ ಬಂದರು.

ನಮ್ಮ ರಾಜ್ಯಕ್ಕೇ ಬನ್ನಿ. ದೇವರಾಜ ಅರಸರ ಮೇಲಿನ ಭ್ರಷ್ಟಾಚಾರದ ಆರೋಪಗಳ ತನಿಖೆಗೆ 1977ರಲ್ಲಿ ಗ್ರೋವರ್ ಆಯೋಗ ಕುಳಿತಿತು. ‘ಮೌಲ್ಯಾಧಾರಿತ ರಾಜಕಾರಣ’ ಎಂಬ ಮಾತಿಗೆ ಹೆಸರಾದ ರಾಮಕೃಷ್ಣ ಹೆಗಡೆಯವರು 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟ್ ಟೀಕಿಸಿದಾಗ ರಾಜೀನಾಮೆ ಕೊಟ್ಟರು. ಮೂರೇ ದಿನದಲ್ಲಿ ಹಿಂದಕ್ಕೆ ಪಡೆದರು! 1988ರಲ್ಲಿ ಫೋನ್ ಕದ್ದಾಲಿಕೆ ಬಯಲಾದ ಮೇಲೆ ನಿಜವಾಗಿ ಹೋದರು. ಹಳೆಯದೆಲ್ಲ ಹೊನ್ನು ಎನ್ನಬೇಡಿ. ಆಗ ಕ್ಯಾಮೆರಾ ಇರಲಿಲ್ಲ, ಅಷ್ಟೇ.

ನಿವೃತ್ತ ಮೇಷ್ಟ್ರು

ಹೊನ್ನು ಎಂದು ನಾನೆಲ್ಲಿ ಹೇಳಿದೆ? ನೀವು ಕೊಟ್ಟ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕದ್ದಾಲಿಕೆಯ ಆರೋಪಕ್ಕೆ ಒಬ್ಬ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಮೇಲೆ ಒಂದು ಕಣ್ಣು ತನ್ನನ್ನು ನೋಡುತ್ತಿದೆ, ಕೆಳಗೆ ಜನ ಏನೆನ್ನುತ್ತಾರೋ ಎಂಬ ಅಳುಕು ಇತ್ತು. ನಾಟಕವೇ ಆಗಿರಲಿ, ಆ ನಾಟಕ ಆಡಲೇಬೇಕಾದ ಅನಿವಾರ್ಯ ಇತ್ತಲ್ಲ. ಈಗ ಯಾರು ಆಡುತ್ತಾರೆ ಹೇಳಿ?

ಜವಾರಿ ಮಾತು

ಅದನ್ನು ಒಪ್ಪುತ್ತೇನೆ. 2012ರ ಫೆಬ್ರುವರಿ ನೆನಪಿದೆಯಲ್ಲ? ವಿಧಾನಸಭೆಯ ಒಳಗೇ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪಕ್ಕೆ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅವರಲ್ಲೊಬ್ಬರಾದ ಲಕ್ಷ್ಮಣ ಸವದಿ 2018ರಲ್ಲಿ ಸೋತರು. 2019ರಲ್ಲಿ ಏನಾದರು? ಉಪಮುಖ್ಯಮಂತ್ರಿ. ಶಾಸಕರೂ ಅಲ್ಲದ ಹೊತ್ತಿನಲ್ಲಿ! 2023ರಲ್ಲಿ ಬಿಜೆಪಿ ಟಿಕೆಟ್ ಕೊಡಲಿಲ್ಲ. ಅಂದು ಸದನದಲ್ಲಿ ಬೊಬ್ಬೆ ಹೊಡೆದಿದ್ದ ಕಾಂಗ್ರೆಸ್ಸೇ ಅಥಣಿಯಲ್ಲಿ ಟಿಕೆಟ್ ಕೊಟ್ಟಿತು, ಗೆದ್ದರು. ಆರೋಪ ಮಾಡಿದವರೂ ಆರೋಪ ಹೊತ್ತವರೂ ಒಂದೇ ಸಾಲಿನಲ್ಲಿ ಕುಳಿತ ಮೇಲೆ ನೈತಿಕತೆಯ ಲೆಕ್ಕ ಯಾರು ಇಡಬೇಕು?

ಕಡಲತಡಿ

ಪಕ್ಷಾಂತರವನ್ನು ಯಾರೂ ಎತ್ತಲಿಲ್ಲ. ನನ್ನ ಪ್ರಕಾರ ಕ್ರಿಮಿನಲ್ ಪ್ರಕರಣಕ್ಕಿಂತ ದೊಡ್ಡ ಕೇಡು ಅದು. 2019ರಲ್ಲಿ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಉಪಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಚುನಾವಣೆ. 12ರಲ್ಲಿ ಬಿಜೆಪಿ ಗೆದ್ದಿತು. 2020ರ ಫೆಬ್ರುವರಿಯಲ್ಲಿ ಹತ್ತು ಮಂದಿ ಸಚಿವರಾಗಿ ಪ್ರಮಾಣವಚನ ತೆಗೆದುಕೊಂಡರು. ‘ಅನರ್ಹ’ ಎಂಬ ಹಣೆಪಟ್ಟಿಯೇ ಸಚಿವ ಸ್ಥಾನಕ್ಕೆ ಅರ್ಹತೆಯಾಯಿತು. ಅನರ್ಹಗೊಂಡವರಲ್ಲಿ ಸೋತ ಇಬ್ಬರನ್ನೂ ಪಕ್ಷ ಕೈಬಿಡಲಿಲ್ಲ, ವಿಧಾನ ಪರಿಷತ್ತಿಗೆ ಕಳುಹಿಸಿತು.

ಬಯಲುಸೀಮೆ ರೈತ

ಗೆಲ್ಲಿಸಿದವರು ನಾವೇ ಅಲ್ಲವೇ ಕಡಲತಡಿಯವರೇ? ಕೋರ್ಟು ಅನರ್ಹ ಎಂದಿತು, ಜನ ಅರ್ಹ ಎಂದರು. ಇನ್ನು ಯಾರನ್ನು ಬೈಯುವುದು?

ಕಾಲೇಜು ಹುಡುಗ

ಅಂಕಿ ಅಂಶ ಬೇಕಿದ್ದವರಿಗೆ: ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಪರಿಶೀಲಿಸುವ ಎಡಿಆರ್ ಎಂಬ ಸ್ವಯಂಸೇವಾ ಸಂಸ್ಥೆಯ ವಿಶ್ಲೇಷಣೆಯ ಪ್ರಕಾರ ಕ್ರಿಮಿನಲ್ ಪ್ರಕರಣ ಘೋಷಿಸಿಕೊಂಡ ಲೋಕಸಭಾ ಸದಸ್ಯರು 2009ರಲ್ಲಿ ಶೇ 30, 2014ರಲ್ಲಿ ಶೇ 34, 2019ರಲ್ಲಿ ಶೇ 43, 2024ರಲ್ಲಿ ಶೇ 46. ಅಂದರೆ 543ರಲ್ಲಿ 251 ಮಂದಿ. ನಮ್ಮ ವಿಧಾನಸಭೆ ಅದಕ್ಕಿಂತ ಮುಂದಿದೆ: 2018ರಲ್ಲಿ ಶೇ 35 ಇದ್ದದ್ದು 2023ರಲ್ಲಿ ಶೇ 55ಕ್ಕೆ ಏರಿತು. 2023ರಲ್ಲಿ ಗೆದ್ದವರಲ್ಲಿ ಶೇ 97ರಷ್ಟು ಜನ ಕೋಟ್ಯಧಿಪತಿಗಳು.

2024ರ ಲೋಕಸಭೆಯಲ್ಲಿ ಪ್ರಕರಣ ಇರುವ ಅಭ್ಯರ್ಥಿ ಗೆಲ್ಲುವ ಸಾಧ್ಯತೆ ಶೇ 15.3, ಸ್ವಚ್ಛ ಅಭ್ಯರ್ಥಿಗೆ ಶೇ 4.4. ಪಕ್ಷಗಳು ಯಾಕೆ ಟಿಕೆಟ್ ಕೊಡುತ್ತವೆ ಎಂಬುದಕ್ಕೆ ಸಿ-7ರಲ್ಲಿ ಬರೆಯದ ಕಾರಣ ಇದೇ.

ವಕೀಲರ ಕಟ್ಟೆ

ತಮ್ಮಾ, ಕೊನೆಯ ಅಂಕಿಯನ್ನು ಹಾಗೆ ಓದಬೇಡ. ಪ್ರಕರಣ ಇಲ್ಲದವರ ಗುಂಪಿನಲ್ಲಿ ಠೇವಣಿ ಕಳೆದುಕೊಳ್ಳಲೆಂದೇ ನಿಲ್ಲುವ ಸಾವಿರಾರು ಪಕ್ಷೇತರರು ಇರುತ್ತಾರೆ. ಅವರಿಂದ ಸರಾಸರಿ ಕುಸಿಯುತ್ತದೆ. ದೊಡ್ಡ ಪಕ್ಷಗಳ ಅಭ್ಯರ್ಥಿಗಳನ್ನಷ್ಟೇ ಹೋಲಿಸಿದರೆ ಈ ಅಂತರ ಇಷ್ಟು ದೊಡ್ಡದಾಗಿ ಕಾಣಲಾರದು. ಪ್ರಕರಣ ಇದ್ದರೆ ಮತ ಹೆಚ್ಚು ಬರುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ. ಪ್ರಕರಣ ಇದ್ದರೂ ಮತ ಕಡಿಮೆಯಾಗುವುದಿಲ್ಲ ಎಂದು ಬೇಕಾದರೆ ಹೇಳಬಹುದು.

ಇನ್ನೊಂದು. ‘ಪ್ರಕರಣ’ ಎಂದರೆ ಎಲ್ಲವೂ ಒಂದೇ ಅಲ್ಲ. ನೀರಿಗಾಗಿ ಹೆದ್ದಾರಿ ತಡೆದವನ ಮೇಲೂ ಪ್ರಕರಣ ಇರುತ್ತದೆ, ಕೊಲೆ ಆರೋಪಿಯ ಮೇಲೂ ಇರುತ್ತದೆ. ರೈತ ಸಂಘದವರನ್ನು ಕೇಳಿ ನೋಡು, ಪ್ರಕರಣ ಇಲ್ಲದ ಹೋರಾಟಗಾರನೇ ಸಿಗಲಿಕ್ಕಿಲ್ಲ.

ಬಯಲುಸೀಮೆ ರೈತ

ನನ್ನ ಮೇಲೂ ಒಂದಿದೆ ವಕೀಲರೇ. ವಿದ್ಯುತ್ ಕಚೇರಿಯ ಮುಂದೆ ಧರಣಿ ಕುಳಿತದ್ದಕ್ಕೆ ಅಕ್ರಮ ಕೂಟ. ನಾನು ಚುನಾವಣೆಗೆ ನಿಂತರೆ ನನ್ನ ಹೆಸರೂ ಆ ಶೇಕಡಾವಾರಿನಲ್ಲಿ ಸೇರುತ್ತದೆ.

ಕಾಲೇಜು ಹುಡುಗ

ಗಂಭೀರ ಪ್ರಕರಣಗಳನ್ನು ಎಡಿಆರ್ ಬೇರೆಯಾಗಿಯೇ ಎಣಿಸುತ್ತದೆ ಸರ್. 2024ರಲ್ಲಿ ಅದು ಶೇ 31. ಅವರೆಲ್ಲರೂ ಹೆದ್ದಾರಿ ತಡೆದವರಲ್ಲ.

ಅಕ್ಕನ ಬಳಗ

ನೀವೆಲ್ಲ ಪ್ರಮಾಣಪತ್ರ, ಶೇಕಡಾ ಎನ್ನುತ್ತಿದ್ದೀರಿ. ನಮ್ಮೂರಿನಲ್ಲಿ ನಡೆಯುವುದನ್ನು ಸ್ವಲ್ಪ ಹೇಳುತ್ತೇನೆ, ಕೇಳಿ. ನಾನು ಸ್ತ್ರೀಶಕ್ತಿ ಸಂಘದಲ್ಲಿದ್ದೇನೆ. ಯಾವ ಪಕ್ಷ ಎಂದು ಬರೆಯುವುದಿಲ್ಲ, ಯಾಕೆಂದರೆ ಎರಡೂ ಪಕ್ಷದವರು ಬಂದಿದ್ದರು.

ಚುನಾವಣೆ ಘೋಷಣೆಯಾಗುವ ಮೊದಲೇ ಕುಕ್ಕರ್ ಬಂತು. ಡಬ್ಬದ ನಾಲ್ಕೂ ಮಗ್ಗುಲಲ್ಲಿ ಕೈಮುಗಿದ ಅಭ್ಯರ್ಥಿಯ ಫೋಟೊ. ಘೋಷಣೆಯ ನಂತರ ಸಿಕ್ಕಿಬೀಳಬಾರದೆಂದು ಈ ಮುಂಜಾಗ್ರತೆ. ಅದರ ಗ್ಯಾಸ್ಕೆಟ್ ಮುಚ್ಚಳಕ್ಕೆ ಕೂರುತ್ತಿರಲಿಲ್ಲ, ಸುತ್ತಲೂ ಆವಿ ಹೋಗುತ್ತಿತ್ತು, ಬೇಳೆ ಬೇಯುತ್ತಿರಲಿಲ್ಲ. ಅದು ಹೋಗಲಿ. ಮತದಾನಕ್ಕೆ ಎರಡು ದಿನ ಇರುವಾಗ ರಾತ್ರಿ ಬಂದವರು ಮತದಾರರ ಪಟ್ಟಿಯ ಪ್ರತಿ ಹಿಡಿದುಕೊಂಡೇ ಬಂದರು. ಮನೆಯಲ್ಲಿ ಎಷ್ಟು ಮತ, ಯಾರು ಊರಲ್ಲಿಲ್ಲ, ಯಾರು ತೀರಿಕೊಂಡಿದ್ದಾರೆ ಎಲ್ಲವೂ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಹಣ ಕೈಗಿಡುವ ಮೊದಲು ಧರ್ಮಸ್ಥಳದ ಮಂಜುನಾಥಸ್ವಾಮಿಯ ಫೋಟೊ ಮುಂದಿಟ್ಟು ಅದರ ಮೇಲೆ ಕೈ ಇಡಿ ಎಂದರು. ಆಣೆ.

ನಮ್ಮ ಪಕ್ಕದ ಮನೆಯ ಅಜ್ಜಿ ಇನ್ನೊಂದು ಪಕ್ಷಕ್ಕೆ ಹಾಕಬೇಕೆಂದಿದ್ದವರು. ಆಣೆ ಮಾಡಿದ ಮೇಲೆ ಹಾಕಲಿಲ್ಲ. ‘ದುಡ್ಡಿಗಾಗಿ ಅಲ್ಲವಮ್ಮಾ, ಸ್ವಾಮಿಯ ಮುಂದೆ ಮಾತು ಕೊಟ್ಟು ತಪ್ಪಿದರೆ ಮೊಮ್ಮಕ್ಕಳಿಗೆ ಒಳ್ಳೆಯದಾಗುತ್ತದೆಯೇ’ ಎಂದರು. ಮತದಾರರು ನೀತಿಗೆಟ್ಟಿದ್ದಾರೆ ಎನ್ನುವವರು ಇದಕ್ಕೆ ಉತ್ತರ ಹೇಳಿ. ಆ ಅಜ್ಜಿಯ ನಿಯತ್ತನ್ನೇ ಬಂಡವಾಳ ಮಾಡಿಕೊಂಡು ಗೆದ್ದವನು, ವಿಧಾನಸೌಧದಲ್ಲಿ ದೇವರ ಹೆಸರಿನಲ್ಲಿ ತೆಗೆದುಕೊಂಡ ಪ್ರಮಾಣವಚನವನ್ನು ಎಷ್ಟು ದಿನ ಉಳಿಸಿಕೊಂಡ?

ಸಾಗರದ ಓದುಗ

ಅಕ್ಕಾ, ಇಷ್ಟು ಹೊತ್ತಿನ ಚರ್ಚೆಯಲ್ಲಿ ಇದಕ್ಕಿಂತ ತೂಕದ ಮಾತು ಬಂದಿಲ್ಲ. ಮತದಾರನೇ ಭ್ರಷ್ಟ ಎಂಬ ಮಾತು ರಾಜಕಾರಣಿಗಳಿಗೆ ಬಹಳ ಪ್ರಿಯವಾದದ್ದು. ‘ನಾವೇನು ಮಾಡೋಣ, ಜನ ಕೇಳುತ್ತಾರೆ’ ಎನ್ನುತ್ತಾರೆ. ಆಣೆ ಮಾಡಿಸಬೇಕಾಗಿ ಬಂದದ್ದೇಕೆ ಎಂದು ಕೇಳಿದರೆ ಉತ್ತರವಿಲ್ಲ.

ಹಳೇ ಮೈಸೂರು

ನಮ್ಮ ಕಡೆ ಆಣೆಯ ಜೊತೆಗೆ ನೋಟಿನ ಪದ್ಧತಿಯೂ ಇದೆ. ಹತ್ತು ರೂಪಾಯಿ ನೋಟು ಕೊಡುತ್ತಾರೆ, ಅದರ ಸಂಖ್ಯೆ ಅಂಗಡಿಯವನ ಚೀಟಿಯಲ್ಲಿರುತ್ತದೆ. ನೋಟು ತೋರಿಸಿದರೆ ಬಾಟಲಿ. ದಾಳಿ ಮಾಡಿದವರಿಗೆ ಸಿಗುವುದು ಹತ್ತು ರೂಪಾಯಿ. ಈ ಬುದ್ಧಿಯನ್ನು ಕುಡಿಯುವ ನೀರಿಗೆ ಖರ್ಚು ಮಾಡಿದ್ದರೆ!

ನಿವೃತ್ತ ಮೇಷ್ಟ್ರು

ಖರ್ಚಿನ ಮಾತು ಬಂತು. ನಾನು ಚುನಾವಣಾ ಕೆಲಸದಲ್ಲಿದ್ದಾಗ ಜಿಲ್ಲಾಡಳಿತದ ದರಪಟ್ಟಿ ನೋಡಿದ್ದೆ. ಇಡ್ಲಿ, ಚಹಾ, ಹಾರ, ಶಾಮಿಯಾನ, ಕುರ್ಚಿ, ಜೀಪಿನ ಬಾಡಿಗೆ, ಎಲ್ಲಕ್ಕೂ ದರ ಬರೆದಿರುತ್ತದೆ. ಕಾರ್ಯಕರ್ತ ತಿಂದ ಇಡ್ಲಿಯೂ ಲೆಕ್ಕಕ್ಕೆ ಸೇರುತ್ತದೆ. ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಫಲಿತಾಂಶದ ನಂತರ 30 ದಿನದೊಳಗೆ ಲೆಕ್ಕ ಕೊಡಬೇಕು. ಎಲ್ಲರೂ ಕೊಡುತ್ತಾರೆ, ಎಲ್ಲರದೂ ಮಿತಿಯ ಒಳಗೇ ಇರುತ್ತದೆ. 2023ರ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲಿ ಜಪ್ತಿಯಾದ ನಗದು, ಮದ್ಯ, ಚಿನ್ನ, ಉಡುಗೊರೆಗಳ ಮೌಲ್ಯ 375 ಕೋಟಿ. 2018ರಲ್ಲಿ 84 ಕೋಟಿಯಷ್ಟಿತ್ತು. ಇದು ಸಿಕ್ಕಿಬಿದ್ದದ್ದು ಮಾತ್ರ. ಯಾರ ಲೆಕ್ಕದಲ್ಲಿ ಇದು ಇತ್ತೋ ದೇವರೇ ಬಲ್ಲ.

ಇನ್ನು ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಅಭ್ಯರ್ಥಿಯ ಇಡ್ಲಿಗೆ ಲೆಕ್ಕ, ಪಕ್ಷದ ಹೆಲಿಕಾಪ್ಟರಿಗೆ ಇಲ್ಲ.

ಕಡಲತಡಿ

ಹೀಗೆ ಕೋಟಿಗಟ್ಟಲೆ ಚೆಲ್ಲಿ ಬಂದವನು ಮೊದಲು ಅಸಲು ಎತ್ತಿಕೊಳ್ಳುತ್ತಾನೆ, ಆಮೇಲೆ ಮುಂದಿನ ಚುನಾವಣೆಯ ಗಂಟು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ನ್ಯೂಜೆರ್ಸಿ ಕನ್ನಡಿಗ

ದೂರ ಕುಳಿತು ಉಪದೇಶ ಮಾಡುತ್ತಾನೆ ಎನ್ನಬೇಡಿ. ಇಲ್ಲಿಯೂ ಇದೇ ಹಾಡು. 1987ರಲ್ಲಿ ಗ್ಯಾರಿ ಹಾರ್ಟ್ ಎಂಬ ಅಧ್ಯಕ್ಷೀಯ ಆಕಾಂಕ್ಷಿ ವಿವಾಹೇತರ ಸಂಬಂಧದ ಸುದ್ದಿ ಬಂದ ಕೆಲವೇ ದಿನಗಳಲ್ಲಿ ಕಣದಿಂದ ಹಿಂದೆ ಸರಿದರು. 2024ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ನ್ಯಾಯಾಲಯದಲ್ಲಿ 34 ಆರೋಪಗಳಲ್ಲಿ ಡೊನಾಲ್ಡ್ ಟ್ರಂಪ್ ತಪ್ಪಿತಸ್ಥರೆಂದು ತೀರ್ಮಾನವಾಯಿತು, ನವೆಂಬರಿನಲ್ಲಿ ಅಧ್ಯಕ್ಷರಾಗಿ ಗೆದ್ದರು. ಇಲ್ಲಿ ಶಿಕ್ಷೆಯಾದರೂ ಅಧ್ಯಕ್ಷ ಹುದ್ದೆಗೆ ಕಾನೂನಿನ ಅಡ್ಡಿ ಇಲ್ಲ. ಆ ವಿಷಯದಲ್ಲಿ ಭಾರತದ ಕಾನೂನೇ ಬಿಗಿಯಾಗಿದೆ.

ಹಳೇ ಮೈಸೂರು

ಅಮೆರಿಕದಲ್ಲೂ ಕೆಟ್ಟಿದೆ ಎಂದು ಕೇಳಿ ನಮ್ಮ ಹೊಟ್ಟೆ ತಣ್ಣಗಾಗಬೇಕೇ? ಅಲ್ಲಿ ಇರುವ ನಮ್ಮವರು ಇಲ್ಲಿಗೆ ಬಂದು ಮತ ಹಾಕಿ ಹೋಗಲಿ ಮೊದಲು.

ನ್ಯೂಜೆರ್ಸಿ ಕನ್ನಡಿಗ

ವಿಮಾನದ ಟಿಕೆಟ್ ನೀವು ಕೊಡಿಸಿ, ಈ ಸಲ ಖಂಡಿತ ಬರುತ್ತೇನೆ. ಆಣೆ ಬೇಕಿದ್ದರೂ ಮಾಡುತ್ತೇನೆ.

ಜವಾರಿ ಮಾತು

2023ರಲ್ಲಿ ನಮ್ಮ ಧಾರವಾಡ ಕ್ಷೇತ್ರದಲ್ಲಿ ಏನಾಯಿತೆಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕೊಲೆ ಪ್ರಕರಣದ ಆರೋಪಿಯಾಗಿದ್ದ ಅಭ್ಯರ್ಥಿಗೆ ಜಾಮೀನಿನ ಷರತ್ತಿನಿಂದಾಗಿ ಜಿಲ್ಲೆಗೆ ಕಾಲಿಡುವಂತಿರಲಿಲ್ಲ. ಮನೆಯವರು, ಬೆಂಬಲಿಗರು ಬೀದಿ ಬೀದಿ ತಿರುಗಿದರು, ಅವರು ಹೊರಗಿನಿಂದಲೇ ವಿಡಿಯೊದಲ್ಲಿ ಮಾತನಾಡಿದರು. ಗೆದ್ದರು. ಕ್ಷೇತ್ರಕ್ಕೆ ಬರಲಾಗದವರು ಕ್ಷೇತ್ರದ ಪ್ರತಿನಿಧಿ.

ಆದರೆ ನಮ್ಮ ಜನ ಮತ ಹಾಕಿದ್ದಕ್ಕೆ ಕಾರಣವೂ ಇತ್ತು. ‘ಕಷ್ಟ ಎಂದು ಹೋದರೆ ಕೆಲಸ ಮಾಡಿಕೊಡುತ್ತಾರೆ’ ಎನ್ನುತ್ತಾರೆ. ತಹಶೀಲ್ದಾರ್ ಕಚೇರಿಯಲ್ಲಿ ಆರು ತಿಂಗಳು ಅಲೆದವನಿಗೆ ಒಂದು ಫೋನಿನಲ್ಲಿ ಕೆಲಸ ಮಾಡಿಸುವವನೇ ನಾಯಕ. ಕಚೇರಿಗಳು ನೆಟ್ಟಗಿದ್ದರೆ ಇಂಥ ನಾಯಕರಿಗೆ ಗಿರಾಕಿಗಳೇ ಇರುತ್ತಿರಲಿಲ್ಲ.

ವೇದಿಕೆ ನಿರ್ವಾಹಕ

ಒಂದು ಮನವಿ. ನ್ಯಾಯಾಲಯದಲ್ಲಿರುವ ಪ್ರಕರಣಗಳ ಬಗ್ಗೆ ‘ಆರೋಪಿ’ ಎಂದೇ ಬರೆಯಿರಿ. ಯಾರದೋ ಜಾತಿ ಹಿಡಿದು ಬೈದಿದ್ದ ಎರಡು ಪ್ರತಿಕ್ರಿಯೆಗಳನ್ನು ತೆಗೆದುಹಾಕಿದ್ದೇನೆ.

ಬಯಲುಸೀಮೆ ರೈತ

ನಿರ್ವಾಹಕರೇ, ಜಾತಿ ಬಿಟ್ಟು ಟಿಕೆಟ್ ಹಂಚಿಕೆಯ ಬಗ್ಗೆ ಮಾತನಾಡುವುದು ಹೇಗೆ? ಬೈಯಬಾರದು, ಸರಿ. ಆದರೆ ‘ನಮ್ಮವನು’ ಎಂಬ ಒಂದೇ ಮಾತು ಎಲ್ಲ ಪಾಪವನ್ನೂ ಮುಚ್ಚುತ್ತದೆ. ನಮ್ಮವನ ಮೇಲೆ ದಾಳಿಯಾದರೆ ಷಡ್ಯಂತ್ರ, ಅವರವನ ಮೇಲಾದರೆ ‘ಕೊನೆಗೂ ನ್ಯಾಯ’. ಜಾಮೀನಿನ ಮೇಲೆ ಬಂದವರಿಗೆ ಜೆಸಿಬಿಯಿಂದ ಹೂವು ಸುರಿಸಿ, ಕ್ರೇನಿನಲ್ಲಿ ಸೇಬಿನ ಹಾರ ಹಾಕುತ್ತಾರಲ್ಲ, ಆ ಸೇಬಿಗೆ ದುಡ್ಡು ಕೊಟ್ಟವರು ಯಾರು ಎಂದು ಒಬ್ಬರೂ ಕೇಳುವುದಿಲ್ಲ.

ಕಾಲೇಜು ಹುಡುಗ

30 ದಿನ ಬಂಧನದಲ್ಲಿದ್ದರೆ ಪ್ರಧಾನಿ, ಮುಖ್ಯಮಂತ್ರಿ, ಸಚಿವರು ಹುದ್ದೆ ಕಳೆದುಕೊಳ್ಳಬೇಕು ಎಂಬ ಮಸೂದೆಯನ್ನು 2025ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದರಲ್ಲ. ಅದು ಒಳ್ಳೆಯದಲ್ಲವೇ? 2024ರಲ್ಲಿ ದೆಹಲಿಯ ಮುಖ್ಯಮಂತ್ರಿ ಜೈಲಿನಿಂದಲೇ ತಿಂಗಳುಗಟ್ಟಲೆ ಹುದ್ದೆಯಲ್ಲಿ ಮುಂದುವರಿದಿದ್ದರು.

ವಕೀಲರ ಕಟ್ಟೆ

ಕೇಳಲು ಚೆಂದ. ಆದರೆ ಬಂಧಿಸುವುದು ಯಾರ ಕೈಯಲ್ಲಿದೆ? ಇ.ಡಿ., ಸಿಬಿಐ ಕೇಂದ್ರದ ಕೈಯಲ್ಲಿ. ರಾಜ್ಯದ ಪೊಲೀಸರು ರಾಜ್ಯ ಸರ್ಕಾರದ ಕೈಯಲ್ಲಿ. ಕೆಲವು ಕಾಯ್ದೆಗಳಲ್ಲಿ ಜಾಮೀನು ಸಿಗಲು 30 ದಿನ ಸಾಲುವುದೇ ಇಲ್ಲ. ವಿಚಾರಣೆಯೇ ಆರಂಭವಾಗದೆ ಒಬ್ಬ ಚುನಾಯಿತ ಮುಖ್ಯಮಂತ್ರಿಯನ್ನು ಕೆಡವಲು ಅದು ದಾರಿಯಾಗಬಹುದು. ನಮ್ಮಲ್ಲೇ ನೋಡು. 2011ರ ಲೋಕಾಯುಕ್ತರ ಗಣಿ ವರದಿಯ ನಂತರ ಯಡಿಯೂರಪ್ಪನವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು, ಜೈಲಿಗೂ ಹೋಗಿ ಬಂದರು. 2016ರಲ್ಲಿ ವಿಶೇಷ ಸಿಬಿಐ ನ್ಯಾಯಾಲಯ ಖುಲಾಸೆ ಮಾಡಿತು. ರಾಜೀನಾಮೆ ಸರಿಯಾಗಿತ್ತೇ, ಖುಲಾಸೆ ಸರಿಯಾಗಿತ್ತೇ ಎಂದು ಇಂದಿಗೂ ಜಗಳವಾಡುವವರಿದ್ದಾರೆ. ಕಾನೂನಿನ ಅಳತೆ ಬೇರೆ, ಹುದ್ದೆಗೆ ತಕ್ಕ ನಡತೆಯ ಅಳತೆ ಬೇರೆ. ಎರಡನ್ನೂ ಒಂದೇ ಕಲಮಿನಲ್ಲಿ ತುರುಕಲು ಹೋದರೆ ಅಧಿಕಾರದಲ್ಲಿರುವವನಿಗೆ ಆಯುಧ ಕೊಟ್ಟಂತೆ.

ಶಿಕ್ಷೆಯಾದ ಕೂಡಲೇ ಸ್ಥಾನ ಹೋಗಬೇಕೆಂದ 2013ರ ಲಿಲಿ ಥಾಮಸ್ ತೀರ್ಪನ್ನೇ ನೋಡು. ಅದನ್ನು ತಪ್ಪಿಸಲು ಮನಮೋಹನ್ ಸಿಂಗ್ ಸರ್ಕಾರ ಸುಗ್ರೀವಾಜ್ಞೆ ತರಲು ಹೊರಟಾಗ ಹರಿದು ಎಸೆಯಬೇಕು ಎಂದವರು ರಾಹುಲ್ ಗಾಂಧಿ. ಹತ್ತು ವರ್ಷಗಳ ನಂತರ ಅದೇ ನಿಯಮದಡಿ ಅವರ ಸದಸ್ಯತ್ವವೇ ಹೋಯಿತು, ಅದೂ ನಮ್ಮ ಕೋಲಾರದಲ್ಲಿ ಮಾಡಿದ ಭಾಷಣಕ್ಕೆ. ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ವಾಪಸು ಬಂತು. ಗಣಿ ಲೂಟಿಯವನಿಗೂ ಭಾಷಣ ಮಾಡಿದವನಿಗೂ ಒಂದೇ ಕತ್ತರಿ.

ಸಾಗರದ ಓದುಗ

ಹಾಗಾದರೆ ತೀರ್ಪು ಬರುವವರೆಗೆ ಎಲ್ಲರೂ ಅರ್ಹರೇ? ನನ್ನ ಪ್ರಶ್ನೆ ಕಾನೂನಿನದ್ದಲ್ಲ ವಕೀಲರೇ, ಬಿ ಫಾರಂ ಕೊಡುವವರದ್ದು. ಟಿಕೆಟ್ ಪಡೆಯುವುದು ಯಾರ ಮೂಲಭೂತ ಹಕ್ಕೂ ಅಲ್ಲ. ಬ್ಯಾಂಕಿನ ಗುಮಾಸ್ತನನ್ನು ತೆಗೆದುಕೊಳ್ಳುವಾಗಲೂ ಪೊಲೀಸ್ ಪರಿಶೀಲನೆ ಮಾಡಿಸುತ್ತಾರೆ. ಅವನ ಮೇಲೆ ಗಂಭೀರ ಪ್ರಕರಣ ಇದ್ದರೆ ‘ತೀರ್ಪು ಬರಲಿ’ ಎಂದು ನಗದು ಕೌಂಟರಿನಲ್ಲಿ ಕೂರಿಸುವುದಿಲ್ಲ.

ಹಾಸನದ ಉದಾಹರಣೆ ಕೊಡುತ್ತೇನೆ. ಆಸ್ತಿ ವಿವರ ಮುಚ್ಚಿಟ್ಟರೆಂದು 2019ರ ಪ್ರಜ್ವಲ್ ರೇವಣ್ಣ ಅವರ ಆಯ್ಕೆಯನ್ನು 2023ರ ಸೆಪ್ಟೆಂಬರ್ 1ರಂದು ಹೈಕೋರ್ಟ್ ಅಸಿಂಧುಗೊಳಿಸಿತು. ಸುಪ್ರೀಂ ಕೋರ್ಟ್ ತಡೆ ನೀಡಿತು, ಅದು ಅವರ ಹಕ್ಕು. ಆದರೆ 2024ರಲ್ಲಿ ಅದೇ ಕ್ಷೇತ್ರಕ್ಕೆ ಅದೇ ವ್ಯಕ್ತಿಗೆ ಟಿಕೆಟ್ ಕೊಡಲು, ಮೈತ್ರಿ ಪಕ್ಷ ಬೆಂಬಲಿಸಲು ಯಾವ ನ್ಯಾಯಾಲಯ ಹೇಳಿತ್ತು? ಆಮೇಲೆ ಹೊರಬಂದದ್ದು, ದೇಶ ಬಿಟ್ಟು ಹೋದದ್ದು, 2025ರ ಆಗಸ್ಟಿನಲ್ಲಿ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದದ್ದು ಎಲ್ಲರಿಗೂ ಗೊತ್ತು. ಪ್ರಮಾಣಪತ್ರದ ಸುಳ್ಳಿಗೇ ಟಿಕೆಟ್ ನಿಂತಿದ್ದರೆ ಎಂದು ನಾನು ಯೋಚಿಸುತ್ತೇನೆ.

ಅಕ್ಕನ ಬಳಗ

ಆ ಪ್ರಕರಣದಲ್ಲಿ ದೂರು ಕೊಟ್ಟ ಹೆಣ್ಣುಮಗಳು ಮನೆಗೆಲಸದವರು. ಅಷ್ಟು ದೊಡ್ಡ ಮನೆತನದ ಎದುರು ಸಾಕ್ಷಿ ಹೇಳಿದರು. ಧೈರ್ಯದ ಮಾತು ಬಂದಾಗ ಅದನ್ನೂ ಸೇರಿಸಿ.

ಕಾಲೇಜು ಹುಡುಗ

ಸುಳ್ಳು ಪ್ರಮಾಣಪತ್ರಕ್ಕೆ ಶಿಕ್ಷೆ ಏನು?

ವಕೀಲರ ಕಟ್ಟೆ

ಪ್ರಜಾಪ್ರಾತಿನಿಧ್ಯ ಕಾಯ್ದೆಯ 125ಎ ಕಲಮಿನಡಿ ಆರು ತಿಂಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ‘ಅಥವಾ ದಂಡ’ ಎಂಬುದನ್ನು ಗಮನಿಸು. ಈ ಕಲಮಿನಡಿ ಶಿಕ್ಷೆಯಾದರೂ ಎರಡು ವರ್ಷದ ಗೆರೆ ಮುಟ್ಟುವುದಿಲ್ಲ. ಆಯ್ಕೆಯನ್ನೇ ರದ್ದು ಮಾಡಿಸಬೇಕಾದರೆ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಸಾಗರದವರು ಹೇಳಿದ ಪ್ರಕರಣದಲ್ಲಿ ತೀರ್ಪು ಬರಲು ನಾಲ್ಕು ವರ್ಷ ಹಿಡಿಯಿತು. ಅವಧಿ ಐದೇ ವರ್ಷ.

ಕಡಲತಡಿ

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳುತ್ತೇನೆ. ಒಳ್ಳೆಯ ಅಭ್ಯರ್ಥಿ ಬರುವುದಾದರೂ ಎಲ್ಲಿಂದ? ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ದಶಕಗಳಾದವು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆಯಾಗಿ 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ದರ್ಬಾರು. ಬೆಂಗಳೂರು ಪಾಲಿಕೆಯ ಅವಧಿ 2020ರಲ್ಲೇ ಮುಗಿದಿತ್ತು. ಯಾವ ಸರ್ಕಾರ ಬಂದರೂ ಮೀಸಲಾತಿ ಪಟ್ಟಿ, ಕ್ಷೇತ್ರ ಮರುವಿಂಗಡಣೆ ಎಂದು ಮುಂದೂಡುತ್ತದೆ. ಕೆಳಗಿನಿಂದ ಹತ್ತಿಬರುವ ಮೆಟ್ಟಿಲು ಕಿತ್ತರೆ ಉಳಿಯುವವರು ಯಾರು? ಶಾಸಕರ ಮಗ, ಗುತ್ತಿಗೆದಾರ, ಶಿಕ್ಷಣ ಸಂಸ್ಥೆಯ ಮಾಲೀಕ, ರಿಯಲ್ ಎಸ್ಟೇಟಿನವರು.

ಜವಾರಿ ಮಾತು

ಪಕ್ಕಕ್ಕೆ ಹೋಗಿಲ್ಲ, ಬುಡಕ್ಕೇ ಬಂದಿದ್ದೀರಿ.

ಹಳೇ ಮೈಸೂರು

ನೋಟಾ ಒತ್ತಿದರೆ ಹೇಗೆ?

ನಿವೃತ್ತ ಮೇಷ್ಟ್ರು

2013ರಿಂದ ಇದೆ. ಎಷ್ಟು ನೋಟಾ ಬಿದ್ದರೂ ಉಳಿದವರಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುತ್ತಾನೆ. ಸಿಟ್ಟು ತೀರುತ್ತದೆ, ಅಷ್ಟೇ. ಮತಗಟ್ಟೆಯಲ್ಲಿ ಒಬ್ಬರು ನನ್ನನ್ನು ‘ನೋಟಾ ಯಾವ ಪಕ್ಷದ ಚಿಹ್ನೆ ಸಾರ್’ ಎಂದು ಕೇಳಿದ್ದರು.

ಬಯಲುಸೀಮೆ ರೈತ

ಅಭ್ಯರ್ಥಿಗಳ ಪ್ರಮಾಣಪತ್ರ ನಮ್ಮಂಥವರಿಗೆ ಎಲ್ಲಿ ಸಿಗುತ್ತದೆ? ಇಂಗ್ಲಿಷಿನಲ್ಲಿ ಇರುತ್ತದೆಯೋ, ಕನ್ನಡದಲ್ಲೋ?

ಕಾಲೇಜು ಹುಡುಗ

ಚುನಾವಣಾ ಆಯೋಗದ ಜಾಲತಾಣದಲ್ಲಿದೆ ಅಣ್ಣ, ಆಯೋಗದ ಕೆವೈಸಿ (ನೋ ಯುವರ್ ಕ್ಯಾಂಡಿಡೇಟ್) ಎಂಬ ಆ್ಯಪ್‌ನಲ್ಲೂ ಸಿಗುತ್ತದೆ. ಕೆಲವರದು ಕನ್ನಡದಲ್ಲಿ, ಕೆಲವರದು ಇಂಗ್ಲಿಷಿನಲ್ಲಿ ಇರುತ್ತದೆ. ಕೈಬರಹದ್ದಾದರೆ ಓದುವುದು ಕಷ್ಟ. ಹಿಂದಿನ ಚುನಾವಣೆಯದ್ದನ್ನೂ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ, ಐದು ವರ್ಷದಲ್ಲಿ ಆಸ್ತಿ ಎಷ್ಟು ಬೆಳೆದಿದೆ ಎಂಬುದು ಅಲ್ಲೇ ಕಾಣುತ್ತದೆ. ನಿಮ್ಮ ಕ್ಷೇತ್ರ ಯಾವುದೆಂದು ಹೇಳಿದರೆ ನಾನೇ ಇಳಿಸಿಕೊಂಡು ಇಲ್ಲಿ ಹಾಕುತ್ತೇನೆ.

ಬಯಲುಸೀಮೆ ರೈತ

ಹಾಕು ತಮ್ಮಾ. ಕ್ಷೇತ್ರದ ಹೆಸರನ್ನು ಬೇರೆಯಾಗಿ ಸಂದೇಶದಲ್ಲಿ ಕಳುಹಿಸುತ್ತೇನೆ, ಇಲ್ಲಿ ಬರೆದರೆ ನಾಳೆ ಬೆಳಿಗ್ಗೆ ನಮ್ಮ ಮನೆ ಮುಂದೆ ಜೀಪು ನಿಲ್ಲುತ್ತದೆ.